ಸೂಕ್ಷ್ಮಪಾಚಿಯ ಬಣ್ಣದಿಂದ ಪರಿಮಳ: ಬಿಸಿ ಕೊಡುವುದು, ಸರಿಯಾದ ಹೊತ್ತಿಗೆ ನಿಲ್ಲಿಸುವುದು

ಸೂಕ್ಷ್ಮಪಾಚಿಗಳು, ಅಂದರೆ ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳು, ಕೂಡಿಡುವ ಕಿತ್ತಳೆ ಬಣ್ಣವೇ ಬೀಟಾ-ಕ್ಯಾರೋಟಿನ್. ಶುದ್ಧ ಬೀಟಾ-ಕ್ಯಾರೋಟಿನ್‌ಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. 40 ಇಂಗಾಲಗಳ ಭಾರದ ಅಣು ಅದು; ಆವಿಯಾಗಿ ಮೂಗಿನ ತನಕ ಬರುವುದೇ ಇಲ್ಲ. ಆದರೆ ಅದೇ ಅಣುವನ್ನು ಗಾಳಿಯ ಸಂಪರ್ಕದಲ್ಲಿ ಬಿಸಿ ಮಾಡಿದರೆ ಉದ್ದನೆಯ ಸರಪಳಿ ಅಲ್ಲಲ್ಲಿ ತುಂಡಾಗಿ 9ರಿಂದ 13 ಇಂಗಾಲಗಳ ಚಿಕ್ಕ ತುಣುಕುಗಳು ಹುಟ್ಟುತ್ತವೆ. ವಯೊಲೆಟ್ ಎಂಬ ನೇರಳೆ ಹೂವಿನ ಕಂಪು, ಒಣಹುಲ್ಲಿನ ಘಮ, ಚಹಾ ಎಲೆಯ ಸುವಾಸನೆ, ಕೇಸರಿಯ ಗಾಢ ವಾಸನೆ ಎಲ್ಲವೂ ಈ ತುಣುಕುಗಳ ಕುಟುಂಬಕ್ಕೆ ಸೇರಿದವು.

ತೊಂದರೆ ಇರುವುದು ಇನ್ನೊಂದು ಕಡೆ. ನಮಗೆ ಬೇಕಾದ ತುಣುಕು ಹುಟ್ಟಿದ ಮೇಲೆ ಸುಮ್ಮನೆ ಕೂರುವುದಿಲ್ಲ. ಬಿಸಿ ಮುಂದುವರಿದರೆ ಅದೂ ಒಡೆಯುತ್ತದೆ. ಹಾಗಾಗಿ ಈ ಕೆಲಸದಲ್ಲಿ ಕಾಯಿಸುವುದು ಸುಲಭ, ಹದ ನೋಡಿ ನಿಲ್ಲಿಸುವುದೇ ಕಷ್ಟ. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಆ ಹದವನ್ನು ಹಿಡಿಯುವುದಕ್ಕಾಗಿಯೇ ಇವೆ. ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು), ತೂಕದ ಯಂತ್ರ, ಸ್ಪೆಕ್ಟ್ರೋಫೋಟೋಮೀಟರ್ (ಬೆಳಕಿನ ಹೀರಿಕೆ ಅಳೆಯುವ ಉಪಕರಣ) ಇರುವ ಪ್ರಯೋಗಾಲಯದವರಿಗಾಗಿ ಬರೆದದ್ದು ಇದು. ಜಿಸಿ-ಎಂಎಸ್ (ಆವಿಯಲ್ಲಿನ ಸಂಯುಕ್ತಗಳನ್ನು ಬೇರ್ಪಡಿಸಿ ಗುರುತಿಸುವ ಉಪಕರಣ) ಕೈಗೆ ಸಿಕ್ಕರೆ ಒಳ್ಳೆಯದು. ಇಲ್ಲಿ ಬರುವ ಉಷ್ಣತೆಗಳೆಲ್ಲ ಸೆಲ್ಸಿಯಸ್‌ನಲ್ಲಿವೆ.

ಒಳಗೆ ನಡೆಯುವುದೇನು

ಬೀಟಾ-ಕ್ಯಾರೋಟಿನ್‌ನಲ್ಲಿ 11 ಜೋಡಿಬಂಧಗಳು ಒಂದರ ಪಕ್ಕ ಒಂದು ಸಾಲಾಗಿವೆ. ಕಿತ್ತಳೆ ಬಣ್ಣಕ್ಕೆ ಕಾರಣವೂ ಆ ಸಾಲೇ, ಅಣುವಿನ ದೌರ್ಬಲ್ಯವೂ ಆ ಸಾಲೇ. ಬಿಸಿ ತಗುಲಿದಾಗ ಮೊದಲು ನೇರ ಸರಪಳಿಯ (ಟ್ರಾನ್ಸ್ ರೂಪದ) ಅಣುಗಳು ಬಾಗಿದ (ಸಿಸ್) ರೂಪಕ್ಕೆ ತಿರುಗುತ್ತವೆ. ಆಮೇಲೆ ಆಮ್ಲಜನಕ ಸರಪಳಿಗೆ ಕೈ ಹಾಕುತ್ತದೆ. 9 ಮತ್ತು 10ನೇ ಇಂಗಾಲಗಳ ನಡುವೆ ಕತ್ತರಿ ಬಿದ್ದರೆ 13 ಇಂಗಾಲಗಳ ಬೀಟಾ-ಅಯೋನೋನ್ ಸಿಗುತ್ತದೆ. ನೇರಳೆ ಹೂವು, ಒಣ ಮರ, ರಾಸ್ಪ್‌ಬೆರಿ ಮೂರನ್ನೂ ನೆನಪಿಸುವ ವಾಸನೆ ಅದರದ್ದು. 7 ಮತ್ತು 8ರ ನಡುವೆ ಬಿದ್ದರೆ 10 ಇಂಗಾಲಗಳ ಬೀಟಾ-ಸೈಕ್ಲೋಸಿಟ್ರಾಲ್. ತೆಳುವಾಗಿದ್ದಾಗ ಹುಲ್ಲಿನಂತೆ, ದಟ್ಟವಾದಾಗ ಹೊಗೆಸೊಪ್ಪಿನಂತೆ.

ಬೀಟಾ-ಅಯೋನೋನ್ ಮೇಲೆ ಆಮ್ಲಜನಕ ಮತ್ತೆ ಎರಗಿದರೆ ಅದು ಮೊದಲು ಇಪಾಕ್ಸೈಡ್ (ಆಮ್ಲಜನಕ ಸೇರಿದ ಮೂರು ಪರಮಾಣುಗಳ ಉಂಗುರವಿರುವ ಸಂಯುಕ್ತ) ಆಗಿ, ಕೊನೆಗೆ ಡೈಹೈಡ್ರೋಆಕ್ಟಿನಿಡಿಯೋಲೈಡ್ ಎಂಬ 11 ಇಂಗಾಲಗಳ ಲ್ಯಾಕ್ಟೋನ್ ಆಗುತ್ತದೆ. ಹೆಸರು ಉದ್ದವಾದರೂ ವಾಸನೆ ಮೃದು: ಚಹಾ ಎಲೆ, ಒಣಹುಲ್ಲು. ಇದು ಕೆಟ್ಟದ್ದೇನಲ್ಲ. ಆದರೆ ಇದರ ವಾಸನೆ ಮೂಗಿಗೆ ತಿಳಿಯಬೇಕಾದರೆ ಅಯೋನೋನ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಪ್ರಮಾಣ ಬೇಕು. ಹೂವಿನ ಕಂಪು ಬೇಕೆಂದು ಹೊರಟವರಿಗೆ ಲ್ಯಾಕ್ಟೋನ್ ಏರತೊಡಗಿದೆ ಎಂದರೆ ಹೊತ್ತು ಮೀರಿದೆ ಎಂದರ್ಥ. ಚಹಾದಂಥ ವಾಸನೆಯೇ ಬೇಕಿದ್ದವರಿಗೆ ಅಲ್ಲಿಂದಲೇ ಕೆಲಸ ಶುರು.

ಕ್ಯಾರೊಟಿನಾಯ್ಡ್ ಎಂಬ ಇದೇ ಕುಟುಂಬದ ಉಳಿದ ವರ್ಣದ್ರವ್ಯಗಳದ್ದೂ ಇದೇ ಕಥೆ, ಪಾತ್ರಗಳು ಬೇರೆ. ಆಲ್ಫಾ-ಕ್ಯಾರೋಟಿನ್‌ನಿಂದ ಆಲ್ಫಾ-ಅಯೋನೋನ್. ಲ್ಯೂಟಿನ್‌ನಿಂದ ಹೈಡ್ರಾಕ್ಸಿಲ್ ಹೊತ್ತ ಅಯೋನೋನ್‌ಗಳು, ಅವುಗಳ ಬೆನ್ನಿಗೆ ಹದಮಾಡಿದ ಹೊಗೆಸೊಪ್ಪಿನ ವಾಸನೆಯ ಮೆಗಾಸ್ಟಿಗ್ಮಾಟ್ರೈಯೀನೋನ್‌ಗಳು. ಜಿಯಾಜಾಂತಿನ್ ತುದಿ ಮುರಿದು ನೀರು ಕಳೆದುಕೊಂಡರೆ ಕೇಸರಿಯ ಮುಖ್ಯ ಪರಿಮಳವಾದ ಸಫ್ರನಾಲ್. ನಿಯೋಜಾಂತಿನ್ ಕಡೆಯಿಂದ, ಹುಳಿ ಮಾಧ್ಯಮದ ನೆರವಿದ್ದರೆ, ಬೀಟಾ-ಡಮಾಸ್ಕೆನೋನ್; 1970ರಲ್ಲಿ ಬಲ್ಗೇರಿಯಾದ ಗುಲಾಬಿ ಎಣ್ಣೆಯಲ್ಲಿ ಮೊದಲು ಗುರುತಿಸಿದ್ದು ಇದನ್ನೇ. ಅಸ್ಟಾಜಾಂತಿನ್ ಮಾತ್ರ ಈ ಕೆಲಸಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಎರಡೂ ತುದಿಗಳಲ್ಲಿ ಆಮ್ಲಜನಕ ಹೊತ್ತ ಗುಂಪುಗಳು ಕೂತಿರುವುದರಿಂದ ಅದರ ತುಣುಕುಗಳು ಸುಲಭಕ್ಕೆ ಆವಿಯಾಗುವುದಿಲ್ಲ. ಅಲ್ಲದೆ ಅದರ ಬೆಲೆ ಬಣ್ಣಕ್ಕೇ ಹೆಚ್ಚು. ಮುರಿದು ಹಾಕುವುದು ನಷ್ಟದ ಬಾಬ್ತು.

ಉಷ್ಣತೆ 180-200 ಡಿಗ್ರಿ ದಾಟಿತೆಂದರೆ, ಅದರಲ್ಲೂ ಗಾಳಿ ಕಡಿಮೆಯಿದ್ದರೆ, ದಾರಿಯೇ ಬದಲಾಗುತ್ತದೆ. ಸರಪಳಿಯ ಮಧ್ಯಭಾಗ ತನ್ನಷ್ಟಕ್ಕೆ ಸುತ್ತಿಕೊಂಡು ಕಳಚಿ ಟೊಲುವೀನ್, ಜೈಲೀನ್, ಡೈಮೀಥೈಲ್ ನ್ಯಾಫ್ತಲೀನ್ ಹೊರಬರುತ್ತವೆ. ಬಣ್ಣದಂಗಡಿಯ ತಿನ್ನರ್ ವಾಸನೆ ಮೂಗಿಗೆ ಬಡಿದರೆ ಅಲ್ಲಿಗೆ ಆ ಮಾದರಿ ಮುಗಿಯಿತು. ಇವು ಆರೋಗ್ಯಕ್ಕೂ ಕೆಟ್ಟವು.

ಯಾವ ಪಾಚಿ?

ಮೊದಲ ಸಲಕ್ಕೆ ಡ್ಯುನಾಲಿಯೆಲ್ಲಾ ಸಲೀನಾ ಬಿಟ್ಟು ಬೇರೆಯದರ ಕಡೆ ನೋಡಬೇಡಿ. ಹೆಚ್ಚು ಉಪ್ಪು, ಪ್ರಖರ ಬಿಸಿಲು, ಸಾರಜನಕದ ಕೊರತೆ ಇರುವಲ್ಲಿ ಇದು ಒಣತೂಕದ ಶೇ 10ರ ಆಸುಪಾಸಿನಷ್ಟು ಬೀಟಾ-ಕ್ಯಾರೋಟಿನ್ ಕೂಡಿಡುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಹಟ್ ಲಗೂನ್ ಎಂಬ ಉಪ್ಪುನೀರಿನ ಸರೋವರ ಗುಲಾಬಿ ಬಣ್ಣದಲ್ಲಿ ಕಾಣುವುದಕ್ಕೆ ಇದೂ ಒಂದು ಕಾರಣ, ಅಲ್ಲಿ ಇದನ್ನು ವಾಣಿಜ್ಯ ಮಟ್ಟದಲ್ಲಿ ಬೆಳೆಯುತ್ತಾರೆ ಕೂಡ. ಇನ್ನೊಂದು ಅನುಕೂಲ: ಇದಕ್ಕೆ ಗಟ್ಟಿ ಕೋಶಭಿತ್ತಿ ಇಲ್ಲ. ದ್ರಾವಕ ಸೋಕಿದೊಡನೆ ಬಣ್ಣ ಬಿಟ್ಟುಕೊಡುತ್ತದೆ.

ಸ್ಪಿರುಲಿನಾ ಎಲ್ಲಕ್ಕಿಂತ ಸುಲಭವಾಗಿ ಸಿಗುತ್ತದೆ. ಬೀಟಾ-ಕ್ಯಾರೋಟಿನ್, ಜಿಯಾಜಾಂತಿನ್ ಎರಡೂ ಇವೆ, ಆದರೆ ಕಡಿಮೆ. ಒಣತೂಕದ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್. ಪುಡಿಯನ್ನೇ ನೇರ ಕಾಯಿಸಿದರೆ ಪ್ರೋಟೀನು, ಸಕ್ಕರೆ ಸೇರಿ ಹುರಿದ ವಾಸನೆ ಮೇಲೆದ್ದು ಕ್ಯಾರೊಟಿನಾಯ್ಡ್ ಪರಿಮಳವನ್ನು ಮುಚ್ಚಿಹಾಕುತ್ತದೆ. ಅದರ ನೀಲಿ ಬಣ್ಣ ಫೈಕೋಸಯನಿನ್‌ನಿಂದ ನಮಗೆ ಬೇಕಾದ ಪರಿಮಳ ಬರುವುದಿಲ್ಲ. ಕ್ಲೋರೆಲ್ಲಾದಲ್ಲಿ ಲ್ಯೂಟಿನ್ ಚೆನ್ನಾಗಿದೆ, ಆದರೆ ಕೋಶಭಿತ್ತಿ ಒಡೆಯಲು ಮಣಿಗಳ ಗಿರಣಿಯೋ ಮರಳು ಸೇರಿಸಿದ ಒರಳೋ ಬೇಕು. ನ್ಯಾನೋಕ್ಲೋರಾಪ್ಸಿಸ್‌ನಲ್ಲಿ ಒಮೆಗಾ-3 ಕೊಬ್ಬು ಹೆಚ್ಚು. ಆ ಕೊಬ್ಬು ಬಿಸಿಗೆ ಹೆಪ್ಟಾಡೈಯೀನಾಲ್‌ನಂಥ ಆಲ್ಡಿಹೈಡ್‌ಗಳಾಗಿ ಮೀನಿನ ವಾಸನೆ ಕೊಡುತ್ತದೆ. ಅದನ್ನು ಬಳಸಲೇಬೇಕೆಂದಿದ್ದರೆ ಮುಂದೆ ಹೇಳುವ ಸಾಬೂನೀಕರಣದ (ಕ್ಷಾರ ಹಾಕಿ ಕೊಬ್ಬನ್ನು ಸಾಬೂನಾಗಿಸಿ ತೆಗೆಯುವ) ಹಂತವನ್ನು ಬಿಡುವಂತಿಲ್ಲ.

ಶುರು ಮಾಡುವ ಮುನ್ನ ಎಚ್ಚರಿಕೆ

ಅಸಿಟೋನ್, ಹೆಕ್ಸೇನ್, ಪೆಟ್ರೋಲಿಯಂ ಈಥರ್ ಮೂರೂ ಕೋಣೆಯ ಉಷ್ಣತೆಯಲ್ಲೇ ಬೆಂಕಿ ಹಿಡಿಯಬಲ್ಲ ಆವಿ ಬಿಡುತ್ತವೆ. ಬಿಸಿ ಬ್ಲಾಕ್ ಇರುವ ಮೇಜಿನ ಮೇಲೆ ಇವುಗಳ ಬಾಟಲಿ ಇರಬಾರದು. ಕಾಯಿಸುವುದು, ಮುಚ್ಚಳ ತೆಗೆಯುವುದು ಎರಡೂ ಫ್ಯೂಮ್ ಹುಡ್ ಒಳಗೇ ನಡೆಯಲಿ. ಹೀಗೆ ಸಿದ್ಧವಾದದ್ದನ್ನು ನಾಲಿಗೆಗೆ ಇಡಬೇಡಿ. ಅದರಲ್ಲಿ ಇಪಾಕ್ಸೈಡ್‌ಗಳೂ ಕ್ರಿಯಾಶೀಲ ಆಲ್ಡಿಹೈಡ್‌ಗಳೂ ಇರುತ್ತವೆ. ಪಾಚಿ ತಿನ್ನಲು ಯೋಗ್ಯ ಎಂದಮಾತ್ರಕ್ಕೆ ಅದನ್ನು ಕಾಯಿಸಿ ಬಂದದ್ದೂ ಯೋಗ್ಯ ಎಂದಾಗುವುದಿಲ್ಲ. ಆಹಾರದಲ್ಲಿ ಬಳಸುವ ಉದ್ದೇಶವಿದ್ದರೆ ಆಯಾ ದೇಶದ ನಿಯಮದಂತೆ ಸುರಕ್ಷತಾ ಪರೀಕ್ಷೆ, ಅನುಮತಿ ಮೊದಲು.

ಮುಚ್ಚಿದ ವಯಲ್ (ಚಿಕ್ಕ ಗಾಜಿನ ಶೀಶೆ) ಒಳಗಿನ ಒತ್ತಡವನ್ನು ಲೆಕ್ಕ ಹಾಕಿಯೇ ಮುಂದುವರಿಯಿರಿ. ಒಣ ಗಾಳಿ ಮಾತ್ರ ಇರುವ ವಯಲ್ 25ರಿಂದ 140 ಡಿಗ್ರಿಗೆ ಹೋದರೆ ಒತ್ತಡ ಸುಮಾರು 1.4 ವಾಯುಭಾರ, ಹೆದರಬೇಕಿಲ್ಲ. ಅದೇ ವಯಲ್‌ನಲ್ಲಿ ಸ್ವಲ್ಪ ನೀರಿದ್ದು 120 ಡಿಗ್ರಿಗೆ ಏರಿದರೆ ಗಾಳಿಯ 1.3, ನೀರಾವಿಯ ಸುಮಾರು 2 ಸೇರಿ ಒಟ್ಟು 3.3ರ ಹತ್ತಿರ. ಸಾಮಾನ್ಯ ಗಾಜಿನ ವಯಲ್‌ನಲ್ಲಿ ಈ ಸಾಹಸ ಬೇಡ. ನೀರಿನ ಮಾಧ್ಯಮವೆಂದರೆ 100ರ ಕೆಳಗೆ, ಇಲ್ಲವೇ ಒತ್ತಡ ತಾಳುವ ಪಾತ್ರೆಯಲ್ಲಿ.

ಹಂತ 1: ಪುಡಿಯನ್ನು ಪರೀಕ್ಷಿಸಿ

ಪೊಟ್ಟಣ ತೆರೆದೊಡನೆ ಮೂಸಿ ನೋಡಿ. ಹಳೆಯ ಎಣ್ಣೆಯ ಕಮಟು ಬರುತ್ತಿದ್ದರೆ ಕೊಬ್ಬು ಆಗಲೇ ಹಳಸಿದೆ, ಕ್ಯಾರೊಟಿನಾಯ್ಡೂ ಅಷ್ಟಿಷ್ಟು ಹೋಗಿದೆ. ಅಂಥ ಪುಡಿಯಿಂದ ಶುರು ಮಾಡಿದರೆ ಬಿಸಿಯಿಂದ ಬಂದದ್ದೆಷ್ಟು, ಮೊದಲೇ ಇದ್ದದ್ದೆಷ್ಟು ಎಂದು ಬಿಡಿಸಿ ಹೇಳಲಾಗದು. ಒಳ್ಳೆಯ ಪುಡಿ ಒಣಗಿ ಹುಡಿಹುಡಿಯಾಗಿರಬೇಕು, ಗಂಟು ಕಟ್ಟಿರಬಾರದು. ಮೈನಸ್ 20 ಡಿಗ್ರಿಯಲ್ಲಿ, ಕತ್ತಲಲ್ಲಿ ಇಡಿ.

ಡ್ಯುನಾಲಿಯೆಲ್ಲಾ ಪುಡಿಯಲ್ಲಿ ಉಪ್ಪು ಇದ್ದೇ ಇರುತ್ತದೆ. ಅದನ್ನು ಮೊದಲೇ ನೀರಲ್ಲಿ ತೊಳೆಯಲು ಹೋಗಬೇಡಿ, ಸಾರ ತೆಗೆದ ಮೇಲೆ ಹೆಕ್ಸೇನ್ ಪದರವನ್ನು ನೀರಿನಿಂದ ತೊಳೆದರೆ ತಾನೇ ಹೋಗುತ್ತದೆ. ತಾಜಾ ಕೋಶಗಳನ್ನು ಇಟ್ಟುಕೊಂಡವರಂತೂ ಬರೀ ನೀರು ಹಾಕಲೇಬಾರದು. ಭಿತ್ತಿ ಇಲ್ಲದ ಕೋಶ ಉಬ್ಬಿ ಒಡೆದು, ಬಣ್ಣವೆಲ್ಲ ತೊಳೆದ ನೀರಿಗೆ ಸೇರುತ್ತದೆ.

ಹಂತ 2: ಸಾರ ತೆಗೆಯುವುದು

1 ಗ್ರಾಂ ಪುಡಿಗೆ 10 ಮಿ.ಲೀ. ತಣ್ಣನೆಯ ಅಸಿಟೋನ್ ಹಾಕಿ, ಮಂದ ಬೆಳಕಿನಲ್ಲಿ ಐದು ನಿಮಿಷ ಅಲ್ಲಾಡಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ತಳದ ಪುಡಿ ಬೂದು ಬಣ್ಣಕ್ಕೆ ಬರುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಿ. ಎಲ್ಲ ತಿಳಿಯನ್ನೂ ಬೇರ್ಪಡಿಸುವ ಲಾಳಿಕೆಗೆ ಸುರಿದು, ಅಷ್ಟೇ ಪ್ರಮಾಣದ ಹೆಕ್ಸೇನ್ ಸೇರಿಸಿ, ಆಮೇಲೆ ನೀರು ಸೇರಿಸಿ. ಕ್ಯಾರೋಟಿನ್ ಹೆಕ್ಸೇನ್ ಪದರಕ್ಕೆ ಏರುತ್ತದೆ. ಅಸಿಟೋನು, ಉಪ್ಪು ಕೆಳಗೆ ಇಳಿಯುತ್ತವೆ. ಜೋರಾಗಿ ಕುಲುಕಿದರೆ ಮಧ್ಯೆ ನೊರೆಯಂಥ ಪದರ ಕಟ್ಟಿಕೊಂಡು ಗಂಟೆಗಟ್ಟಲೆ ಸತಾಯಿಸುತ್ತದೆ. ನಿಧಾನವಾಗಿ ಓಲಾಡಿಸಿದರೆ ಸಾಕು. ಕಟ್ಟಿಕೊಂಡೇ ಬಿಟ್ಟರೆ ಒಂದಿಷ್ಟು ಉಪ್ಪುನೀರು ಹಾಕಿ.

ಕ್ಯಾರೊಟಿನಾಯ್ಡ್ ತೆಗೆಯುವ ಬಹುತೇಕ ವಿಧಾನಗಳಲ್ಲಿ ಬಿಎಚ್‌ಟಿ ಎಂಬ ಉತ್ಕರ್ಷಣ ನಿರೋಧಕವನ್ನು (ಆಮ್ಲಜನಕದ ದಾಳಿ ತಡೆಯುವ ವಸ್ತುವನ್ನು) ದ್ರಾವಕಕ್ಕೆ ಸೇರಿಸಿ ಎಂದಿರುತ್ತದೆ. ಬಣ್ಣ ಕಾಪಾಡಲು ಹೊರಟವರಿಗೆ ಅದು ಸರಿ. ನಾವು ಬಣ್ಣವನ್ನು ಮುರಿಯಲು ಹೊರಟವರು; ಆ ಬಿಎಚ್‌ಟಿ ಕೊನೆಯವರೆಗೂ ಸಾರದಲ್ಲಿ ಉಳಿದು ಕ್ರಿಯೆಯನ್ನೇ ತಡೆಹಿಡಿಯುತ್ತದೆ. ಹಾಗಾಗಿ ಇಲ್ಲಿ ಅದು ಬೇಡ. ಅದರ ಬದಲು ತಂಪು, ಕತ್ತಲು, ವೇಗ ಇವನ್ನೇ ನೆಚ್ಚಿಕೊಳ್ಳಿ. ಮಾರುಕಟ್ಟೆಯಲ್ಲಿ ಸಿಗುವ ಎಣ್ಣೆಯಲ್ಲಿ ಕರಗಿಸಿದ ಬೀಟಾ-ಕ್ಯಾರೋಟಿನ್ ಬಳಸುವವರೂ ಬಾಟಲಿಯ ಮೇಲಿನ ಪಟ್ಟಿ ಓದಲಿ, ಅದರಲ್ಲಿ ಸಾಮಾನ್ಯವಾಗಿ ಟೋಕೋಫೆರಾಲ್ ಇರುತ್ತದೆ, ಅದೂ ನಿರೋಧಕವೇ.

ಹಂತ 3: ಸಾಬೂನೀಕರಣ, ಬೇಕಿದ್ದರೆ

ಹಸಿರು ಹೆಚ್ಚಿರುವ ಸಾರಕ್ಕೆ ಇದು ಅಗತ್ಯ. ಕ್ಲೋರೋಫಿಲ್ ಎರಡು ರೀತಿ ಕಾಟ ಕೊಡುತ್ತದೆ: ಬೆಳಕು ಬಿದ್ದರೆ ಆಮ್ಲಜನಕವನ್ನು ಕೆರಳಿಸಿ ಕಾಯಿಸುವ ಮುಂಚೆಯೇ ಉತ್ಕರ್ಷಣ ಶುರುವಾಗುವಂತೆ ಮಾಡುತ್ತದೆ, ಮತ್ತು ಅದರ ಬಾಲವಾದ ಫೈಟಾಲ್ ಬಿಸಿಗೆ ತನ್ನದೇ ತುಣುಕುಗಳನ್ನು ಬಿಡುತ್ತದೆ. ಸಾರಕ್ಕೆ ಸಮಪ್ರಮಾಣದ ಶೇ 10ರ ಮೆಥನಾಲ್-ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ, ಸಾರಜನಕ ತುಂಬಿ ಮುಚ್ಚಿ, ಕತ್ತಲಲ್ಲಿ ಕೋಣೆಯ ಉಷ್ಣತೆಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹೆಕ್ಸೇನ್, ನೀರು ಸೇರಿಸಿ ಬೇರ್ಪಡಿಸಿದರೆ ಕ್ಲೋರೋಫಿಲ್ಲೂ ಕೊಬ್ಬಿನಾಮ್ಲಗಳೂ ಕೆಳಗಿನ ಪದರದಲ್ಲಿ ಉಳಿಯುತ್ತವೆ. ಲ್ಯೂಟಿನ್, ಜಿಯಾಜಾಂತಿನ್ ಬೇಕಿದ್ದರೆ ಹೆಕ್ಸೇನ್ ಒಂದೇ ಸಾಲದು, ಡೈಈಥೈಲ್ ಈಥರ್ ಬೆರೆಸಿ.

ತೊಳೆದ ನೀರಿನ ಪಿಎಚ್ 7ಕ್ಕೆ ಬರುವವರೆಗೂ ತೊಳೆಯಿರಿ. ಒಂದು ಹನಿ ಕ್ಷಾರ ಉಳಿದರೂ ಅದು ಮುಂದೆ ಆಲ್ಡಿಹೈಡ್, ಕೀಟೋನ್‌ಗಳನ್ನು ಒಂದಕ್ಕೊಂದು ಅಂಟಿಸಿ ಹೊಸ ಸಂಯುಕ್ತಗಳನ್ನು ಹುಟ್ಟಿಸುತ್ತದೆ. ಅಸ್ಟಾಜಾಂತಿನ್ ಇರುವ ಸಾರಕ್ಕೆ ಈ ಹಂತ ಹಾಕಬೇಡಿ, ಕ್ಷಾರದಲ್ಲಿ ಅದು ಅಸ್ಟಾಸೀನ್ ಆಗಿಬಿಡುತ್ತದೆ. ಒಳ್ಳೆಯ ಕಿತ್ತಳೆ ಡ್ಯುನಾಲಿಯೆಲ್ಲಾ ಆದರೆ ಇದನ್ನು ಬಿಟ್ಟು ಮುಂದೆ ಹೋಗಬಹುದು.

ಹಂತ 4: ಎಷ್ಟಿದೆ ಎಂದು ಅಳೆಯಿರಿ

ಪೆಟ್ರೋಲಿಯಂ ಈಥರ್‌ನಲ್ಲಿ ತೆಳು ಮಾಡಿ 450 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರಿಕೆ ನೋಡಿ. ಶೇ 1ರ ಬೀಟಾ-ಕ್ಯಾರೋಟಿನ್ ದ್ರಾವಣಕ್ಕೆ 1 ಸೆಂ.ಮೀ. ದಾರಿಯಲ್ಲಿ ಒಪ್ಪಿತ ಮೌಲ್ಯ 2592. ಉದಾಹರಣೆಗೆ ಓದು 0.50 ಬಂದರೆ 0.50 ÷ 2592, ಅಂದರೆ 100 ಮಿ.ಲೀ.ಗೆ 0.000193 ಗ್ರಾಂ, ಮಿ.ಲೀ.ಗೆ 1.93 ಮೈಕ್ರೋಗ್ರಾಂ. ನೂರು ಪಟ್ಟು ತೆಳು ಮಾಡಿದ್ದಿದ್ದರೆ ಮೂಲ ಸಾರದಲ್ಲಿ 193 ಮೈಕ್ರೋಗ್ರಾಂ. ಓದು 0.3ರಿಂದ 0.7ರ ನಡುವೆ ಬರುವಂತೆ ತೆಳು ಮಾಡಿಕೊಳ್ಳಿ.

ಡ್ಯುನಾಲಿಯೆಲ್ಲಾದ ಕ್ಯಾರೋಟಿನ್‌ನಲ್ಲಿ ದೊಡ್ಡ ಪಾಲು 9-ಸಿಸ್ ರೂಪದ್ದು, ಅದರ ಹೀರಿಕೆ ಕಡಿಮೆ. ಹಾಗಾಗಿ ಈ ಲೆಕ್ಕ ನಿಜಕ್ಕಿಂತ ತುಸು ಕಡಿಮೆಯೇ ತೋರಿಸುತ್ತದೆ. ಮಾದರಿಗಳನ್ನು ಒಂದಕ್ಕೊಂದು ಹೋಲಿಸಲು ಇಷ್ಟು ನಿಖರತೆ ಸಾಕು.

ಹಂತ 5: ಹಾಸು ಆಯ್ಕೆ

ಇಲ್ಲಿ ತುಸು ಹೊತ್ತು ಕೊಡಿ. ಕ್ಯಾರೋಟಿನ್ ಯಾವುದರ ಮೇಲೆ ಅಥವಾ ಯಾವುದರ ಒಳಗೆ ಇದೆ ಎಂಬುದು ಉಷ್ಣತೆಯಷ್ಟೇ ಮುಖ್ಯ. ಹೆಚ್ಚಿನವರು ಉಷ್ಣತೆಯ ಬಗ್ಗೆ ತಲೆಕೆಡಿಸಿಕೊಂಡು ಇದನ್ನು ಮರೆಯುತ್ತಾರೆ.

ಕಲಿಯುವುದಕ್ಕೆ ಗಾಜಿನ ಮಣಿಗಳು ಉತ್ತಮ. ಆಮ್ಲದಲ್ಲಿ ತೊಳೆದು, ನೀರಿನಲ್ಲಿ ಜಾಲಿಸಿ, ಒಣಗಿಸಿದ ಸಣ್ಣ ಮಣಿಗಳ ಮೇಲೆ ಸಾರವನ್ನು ಸುರಿದು, 40 ಡಿಗ್ರಿ ಮೀರದಂತೆ ಸಾರಜನಕ ಊದುತ್ತ ದ್ರಾವಕವನ್ನು ಹಾರಿಸಿದರೆ ಮಣಿಗಳ ಮೈಮೇಲೆ ತೆಳುವಾದ ಕಿತ್ತಳೆ ಲೇಪ ಕೂರುತ್ತದೆ. ಎಲ್ಲ ಅಣುಗಳಿಗೂ ಗಾಳಿ ಸಮನಾಗಿ ಸಿಗುತ್ತದೆ. ಸಿಲಿಕಾ ಮೇಲೆ ಇನ್ನೂ ವೇಗವಾಗಿ ಆಗುತ್ತದೆ. ಆದರೆ ಸಿಲಿಕಾ ಮೈ ಹುಳಿ ಸ್ವಭಾವದ್ದು, ಇಪಾಕ್ಸೈಡ್‌ಗಳ ರೂಪ ಬದಲಿಸಿಬಿಡುತ್ತದೆ. ಮೊದಲಿಗೇ ಆ ಗೋಜಲು ಬೇಡ.

ಪರಿಮಳವನ್ನು ಬಳಸುವ ಉದ್ದೇಶವಿದ್ದರೆ ಎಂಸಿಟಿ ಎಣ್ಣೆ (ಮಧ್ಯಮ ಉದ್ದದ ಕೊಬ್ಬಿನಾಮ್ಲಗಳ ಎಣ್ಣೆ) ಸರಿ. ಅದರ ಕೊಬ್ಬಿನಾಮ್ಲಗಳಲ್ಲಿ ಜೋಡಿಬಂಧ ಇಲ್ಲದ್ದರಿಂದ ಎಣ್ಣೆಯೇ ಹಳಸಿ ವಾಸನೆ ಕೊಡುವುದು ಬಹಳ ಕಡಿಮೆ. ಸೂರ್ಯಕಾಂತಿಯಂಥ ಎಣ್ಣೆ ಹಾಕಿದರೆ ಎಣ್ಣೆ ಹಳಸಿ ಹುಟ್ಟುವ ಹೆಕ್ಸನಾಲ್ ತುಂಬಿಕೊಂಡು ಅಯೋನೋನ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಆದರೆ ಎಣ್ಣೆಯೊಳಗೆ ಆಮ್ಲಜನಕ ಕರಗುವುದು ಅಲ್ಪ. ಆಳವಾದ ಪಾತ್ರೆಯಲ್ಲಿ ಮೇಲ್ಪದರ ಉತ್ಕರ್ಷಣಗೊಂಡು ತಳ ಹಾಗೇ ಉಳಿಯುತ್ತದೆ. ಅಗಲ ಪಾತ್ರೆ, ತೆಳು ಪದರ, ಸತತ ಕಲಕುವಿಕೆ ಮೂರೂ ಇರಲಿ.

ನೀರಿನಲ್ಲಿ ಎಮಲ್ಷನ್ (ಸಣ್ಣ ಹನಿಗಳಾಗಿ ಹರಡಿದ ಮಿಶ್ರಣ) ಮಾಡಿ 90-97 ಡಿಗ್ರಿಯಲ್ಲಿ ಕಾಯಿಸುವುದು ಮೂರನೆಯ ದಾರಿ. ನಿಧಾನ, ಆದರೆ ಸುಡುವ ಭಯವಿಲ್ಲ. ಲ್ಯಾಕ್ಟೋನ್ ಕಡೆಗೆ ಹೋಗಬೇಕೆಂದಿರುವವರಿಗೆ ಇದು ಹೊಂದುತ್ತದೆ.

ದ್ರಾವಕ ಪೂರ್ತಿ ಹೋಗಿದೆಯೇ ಎಂದು ತೂಕ ನೋಡಿ ಖಚಿತಪಡಿಸಿಕೊಳ್ಳಿ: ಎರಡು ಸಲ ತೂಗಿದಾಗ ಒಂದೇ ಬಂದರೆ ಹೋಗಿದೆ. ಮುಚ್ಚಿದ ವಯಲ್‌ನಲ್ಲಿ ಉಳಿದ ಹೆಕ್ಸೇನ್ ಒತ್ತಡವನ್ನೂ ಏರಿಸುತ್ತದೆ, ವಾಸನೆಯನ್ನೂ ಕೆಡಿಸುತ್ತದೆ.

ಹಂತ 6: ಕಾಯಿಸುವುದು ಮತ್ತು ನಿಲ್ಲಿಸುವುದು

20 ಮಿ.ಲೀ.ನ ಹೆಡ್‌ಸ್ಪೇಸ್ ವಯಲ್, 1 ಮಿ.ಗ್ರಾಂ ಕ್ಯಾರೋಟಿನ್ ಲೇಪಿಸಿದ ಮಣಿಗಳು, ಟೆಫ್ಲಾನ್ ಮೈಯ ಸೆಪ್ಟಾ (ಸೂಜಿ ತೂರಿಸಬಹುದಾದ ರಬ್ಬರ್ ಮುಚ್ಚಳ). ಗಾಳಿ ಸಾಲುತ್ತದೆಯೇ ಎಂಬ ಅನುಮಾನ ಬೇಡ. 20 ಮಿ.ಲೀ. ಗಾಳಿಯಲ್ಲಿ ಆಮ್ಲಜನಕ 4 ಮಿ.ಲೀ.ಗಿಂತ ತುಸು ಹೆಚ್ಚು, ಅಂದರೆ ಸುಮಾರು 170 ಮೈಕ್ರೋಮೋಲ್. 1 ಮಿ.ಗ್ರಾಂ ಬೀಟಾ-ಕ್ಯಾರೋಟಿನ್ ಎಂದರೆ 1.86 ಮೈಕ್ರೋಮೋಲ್ ಮಾತ್ರ. ಒಂದು ಅಣುವಿಗೆ ತೊಂಬತ್ತರಷ್ಟು ಆಮ್ಲಜನಕದ ಅಣುಗಳು ಕಾದಿವೆ. ಪ್ರಮಾಣ ಹೆಚ್ಚಿಸಿ ಫ್ಲಾಸ್ಕ್ ತುಂಬಿಸಿದಾಗ ಈ ಲೆಕ್ಕ ತಲೆಕೆಳಗಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಬ್ಲಾಕ್ ಹೀಟರ್ ಅನ್ನು ಮೊದಲೇ ಕಾಯಿಸಿಟ್ಟು ವಯಲ್‌ಗಳನ್ನು ಒಟ್ಟಿಗೆ ಇಳಿಸಿ. 80, 100, 120, 140 ಡಿಗ್ರಿ. ಪ್ರತಿಯೊಂದಕ್ಕೂ 10, 20, 40, 80 ನಿಮಿಷ. ಹದಿನಾರು ವಯಲ್‌ಗಳ ಈ ಜಾಲ ದುಬಾರಿಯೆನಿಸಿದರೂ, ನಿಮ್ಮ ಹಾಸು, ನಿಮ್ಮ ಸಾರಕ್ಕೆ ಹದ ಎಲ್ಲಿದೆಯೆಂದು ತೋರಿಸುವುದು ಇದೊಂದೇ. ಉಷ್ಣತೆ 10 ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ ಎಂಬ ಸ್ಥೂಲ ಅಂದಾಜನ್ನು ಹಿಡಿದರೆ, 100 ಡಿಗ್ರಿಯಲ್ಲಿ 80 ನಿಮಿಷಕ್ಕೆ ಬಂದ ಹದ 120ರಲ್ಲಿ 20 ನಿಮಿಷಕ್ಕೆ ಬರಬೇಕು. ಬಾರದಿದ್ದರೆ ಬೇರೇನೋ ಅಡ್ಡಬರುತ್ತಿದೆ: ಉಳಿದ ನಿರೋಧಕ, ದಪ್ಪ ಪದರ, ಇಲ್ಲವೇ ಬ್ಲಾಕ್‌ನ ತಪ್ಪು ಓದು.

ಗಡಿಯಾರ ಶುರುವಾಗಬೇಕಾದ್ದು ವಯಲ್ ಇಳಿಸಿದಾಗ ಅಲ್ಲ, ಒಳಗಿನ ಮಣಿಗಳು ಬೇಕಾದ ಉಷ್ಣತೆ ಮುಟ್ಟಿದಾಗ. ಸೆಪ್ಟಾದ ಮೂಲಕ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ತೂರಿಸಿದ ಖಾಲಿ ಮಣಿಗಳ ವಯಲ್ ಒಂದನ್ನು ಪಕ್ಕದಲ್ಲಿಟ್ಟರೆ ಇದು ತಿಳಿಯುತ್ತದೆ. ಹೊತ್ತು ಮುಗಿದೊಡನೆ ವಯಲ್ ಅನ್ನು ಒಂದು ನಿಮಿಷ ಲೋಹದ ತಟ್ಟೆಯ ಮೇಲಿಟ್ಟು, ಆಮೇಲೆ ಮಂಜುಗಡ್ಡೆ ನೀರಿಗೆ ಇಳಿಸಿ. ನೇರವಾಗಿ ಇಳಿಸಿದರೆ ಗಾಜು ಸೀಳುವ ಸಂಭವ ಉಂಟು. ಮೇಜಿನ ಮೇಲೆ ತಾನಾಗಿ ಆರಲಿ ಎಂದು ಬಿಟ್ಟರೆ ಒಳಗೆ ಕ್ರಿಯೆ ಮುಂದುವರಿದು ಲೆಕ್ಕ ತಪ್ಪುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬೇಡಿ. ಪರಿಮಳ ಇರುವುದೇ ಆ ಆವಿಯಲ್ಲಿ.

ಜೊತೆಗೆ ಮೂರು ಹೋಲಿಕೆಯ ವಯಲ್‌ಗಳು ಇರಲೇಬೇಕು. ಕ್ಯಾರೋಟಿನ್ ಇಲ್ಲದ ಮಣಿಗಳನ್ನು ಕಾಯಿಸಿದ್ದು, ಕ್ಯಾರೋಟಿನ್ ಇದ್ದೂ ಕಾಯಿಸದ್ದು, ಗಾಳಿ ತೆಗೆದು ಸಾರಜನಕ ತುಂಬಿ ಕಾಯಿಸಿದ್ದು. ಮೂರನೆಯದರಲ್ಲಿ ಅಯೋನೋನ್ ಹೆಚ್ಚುಕಡಿಮೆ ಕಾಣದಿದ್ದರೆ ನಿಮ್ಮ ವಯಲ್‌ಗಳು ಸರಿಯಾಗಿ ಮುಚ್ಚಿವೆ, ಕ್ರಿಯೆ ಆಮ್ಲಜನಕದಿಂದಲೇ ನಡೆಯುತ್ತಿದೆ ಎಂದು ನಂಬಬಹುದು.

ಬಣ್ಣ ನೋಡಿ ಹದ ಹೇಳುವ ಆಸೆ ಎಲ್ಲರಿಗೂ ಬರುತ್ತದೆ. ಕಿತ್ತಳೆ ಹೋಗಿ ತಿಳಿಹಳದಿ ಬಂತು, ಆಯಿತು ಎಂದು. ಬಣ್ಣ ಮಾಸುವುದಕ್ಕೂ ಪರಿಮಳ ಹುಟ್ಟುವುದಕ್ಕೂ ನೇರ ಲೆಕ್ಕವಿಲ್ಲ. ಮಾಸಿದ ಕ್ಯಾರೋಟಿನ್‌ನ ದೊಡ್ಡ ಪಾಲು ಆಮ್ಲಜನಕದೊಂದಿಗೆ ಹೆಣೆದುಕೊಂಡು ಆವಿಯಾಗದ ಅಂಟು ದ್ರವ್ಯವಾಗಿ ಮಣಿಗಳ ಮೇಲೆ ಉಳಿಯುತ್ತದೆ. ಪರಿಮಳವಾಗುವುದು ಒಂದು ಚಿಕ್ಕ ಪಾಲು.

ಹಂತ 7: ಮೂಗಿನ ಪರೀಕ್ಷೆ

ವಯಲ್‌ಗೆ ಮೂಗಿಟ್ಟು ಎಳೆಯಬೇಡಿ. ತಣ್ಣಗಾದ ಮಣಿಗಳನ್ನು ಸ್ವಲ್ಪ ಎಥನಾಲ್‌ನಲ್ಲಿ ಜಾಲಿಸಿ, ಅದನ್ನು ನೂರು ಪಟ್ಟು ತೆಳು ಮಾಡಿ, ವಾಸನೆ ಪಟ್ಟಿಯ ತುದಿಗೆ ಹಚ್ಚಿ, ಎಥನಾಲ್ ಹಾರಿದ ಮೇಲೆ ಮೂಸಿ. ಕಡಿಮೆ ಕಾದದ್ದರಲ್ಲಿ ಒಣಹುಲ್ಲಿನ ಮಂದ ವಾಸನೆ. ಹದ ಬಂದದ್ದರಲ್ಲಿ ನೇರಳೆ ಹೂವಿನ ಪುಡಿಪುಡಿಯಾದ ಸಿಹಿ, ಹಿಂದೆಯೇ ಒಣ ಮರ. ಮುಂದಕ್ಕೆ ಹೋದದ್ದರಲ್ಲಿ ಹೂವು ಅಡಗಿ ಚಹಾ ಎಲೆ, ಹುಲ್ಲು. ಎಲ್ಲೆ ಮೀರಿದ್ದರಲ್ಲಿ ಕಮಟು.

ಮೂರು ಪಟ್ಟಿ ಮೂಸುವಷ್ಟರಲ್ಲಿ ಅಯೋನೋನ್ ಮೂಗಿಗೆ ಮಂಕಾಗುತ್ತದೆ. ಕೆಲವು ನಿಮಿಷ ಹೊರಗೆ ಹೋಗಿ ಬಂದರೆ ಮತ್ತೆ ತಿಳಿಯುತ್ತದೆ. ಆದರೆ ಕೆಲವರಿಗೆ ಎಷ್ಟು ಹೊತ್ತು ಬಿಟ್ಟು ಬಂದರೂ ಆ ಹೂವು ಸಿಗುವುದೇ ಇಲ್ಲ. ಇದು ಅಭ್ಯಾಸದ ಕೊರತೆಯಲ್ಲ. ಓಆರ್5ಎ1 ಎಂಬ ಗ್ರಾಹಕದ ವಂಶವಾಹಿಯಲ್ಲಿನ ಒಂದೇ ಒಂದು ಅಕ್ಷರದ ವ್ಯತ್ಯಾಸ ಬೀಟಾ-ಅಯೋನೋನ್ ಯಾರಿಗೆ ಹೂವಾಗಿ ತಿಳಿಯುತ್ತದೆ, ಯಾರಿಗೆ ತಿಳಿಯುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಆದ್ದರಿಂದ ಒಬ್ಬರ ಮೂಗನ್ನು ನಂಬಿ ಜಾಲ ಮುಚ್ಚಬೇಡಿ. ಶುದ್ಧ ಬೀಟಾ-ಅಯೋನೋನ್‌ನ ತೆಳು ದ್ರಾವಣವನ್ನು ಮೊದಲು ಎಲ್ಲರಿಗೂ ಕೊಟ್ಟು, ತಿಳಿಯುವವರನ್ನು ಆರಿಸಿಕೊಳ್ಳಿ.

ಹಂತ 8: ಉಪಕರಣದ ಪರೀಕ್ಷೆ

ಎಸ್‌ಪಿಎಂಇ (ಆವಿಯನ್ನು ಹೀರಿ ಹಿಡಿಯುವ) ನಾರನ್ನು 40-50 ಡಿಗ್ರಿಯಲ್ಲಿ ಅರ್ಧ ಗಂಟೆ ವಯಲ್‌ನ ಆವಿಗೆ ಒಡ್ಡಿ ಜಿಸಿ-ಎಂಎಸ್‌ಗೆ ಕೊಡಿ. ಅದಕ್ಕಿಂತ ಹೆಚ್ಚು ಬಿಸಿ ಮಾಡಿದರೆ ಪರೀಕ್ಷೆಯೇ ಇನ್ನೊಂದು ಪ್ರಯೋಗವಾಗುತ್ತದೆ. ಗುರುತಿಗೆ: ಬೀಟಾ-ಅಯೋನೋನ್‌ನ ಪ್ರಬಲ ಅಯಾನು (ಉಪಕರಣದೊಳಗೆ ಅಣು ಒಡೆದು ಬಂದ ತುಣುಕು, ಅಂಕಿ ಅದರ ತೂಕ) 177, ಡೈಹೈಡ್ರೋಆಕ್ಟಿನಿಡಿಯೋಲೈಡ್‌ಗೆ 111, ಜೊತೆಗೆ 137 ಮತ್ತು 180, ಬೀಟಾ-ಸೈಕ್ಲೋಸಿಟ್ರಾಲ್‌ಗೆ 137 ಮತ್ತು 152, ಸಫ್ರನಾಲ್‌ಗೆ 107 ಮತ್ತು 150. ಉಪಕರಣದ ಗ್ರಂಥಾಲಯ ಕೊಟ್ಟ ಹೆಸರನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಸರಣಿ ಆಲ್ಕೇನ್‌ಗಳನ್ನು ಓಡಿಸಿ ಧಾರಣ ಸೂಚ್ಯಂಕವನ್ನೂ (ಸಂಯುಕ್ತ ಹೊರಬರುವ ಹೊತ್ತಿನ ಅಳತೆ) ತಾಳೆ ನೋಡಿ.

ಸಾರವನ್ನೇ ದ್ರವವಾಗಿ ಚುಚ್ಚುವ ಅಭ್ಯಾಸವಿರುವವರು ಇಲ್ಲಿ ನಿಲ್ಲಿ. ಇಂಜೆಕ್ಟರ್ ಒಳಗೆ 250 ಡಿಗ್ರಿ ಇರುತ್ತದೆ. ಒಡೆಯದೆ ಉಳಿದ ಕ್ಯಾರೋಟಿನ್ ಅಲ್ಲೇ ಒಡೆದು ನಕ್ಷೆಯಲ್ಲಿ ತುಣುಕುಗಳ ಶಿಖರಗಳನ್ನು ತೋರಿಸುತ್ತದೆ. ಕಾಯಿಸದ ಮಾದರಿಯಲ್ಲೂ ಪರಿಮಳ "ಕಂಡರೆ" ಅನುಮಾನ ಪಡಬೇಕಾದ್ದು ಇದನ್ನೇ. ಆವಿಯನ್ನು ಮಾತ್ರ ಹಿಡಿಯುವ ನಾರಿನಲ್ಲಿ ಈ ಕಾಟವಿಲ್ಲ.

ಎಲ್ಲ ವಯಲ್‌ಗಳ 177 ಮತ್ತು 111ರ ಶಿಖರಗಳ ವಿಸ್ತಾರವನ್ನು ಹೊತ್ತಿನ ಎದುರು ನಕ್ಷೆಯಲ್ಲಿ ಬಿಡಿಸಿ. ಅಯೋನೋನ್ ಗೆರೆ ಏರಿ, ಸಪಾಟಾಗಿ, ಇಳಿಯತೊಡಗುತ್ತದೆ. ಲ್ಯಾಕ್ಟೋನ್ ಗೆರೆ ತಡವಾಗಿ ಎದ್ದು ಏರುತ್ತಲೇ ಹೋಗುತ್ತದೆ. ಮೊದಲ ಗೆರೆ ಸಪಾಟಾಗುವುದಕ್ಕಿಂತ ತುಸು ಮುಂಚಿನ ಹೊತ್ತನ್ನು ಆರಿಸಿ. ಶಿಖರದ ನೆತ್ತಿಯನ್ನು ಆರಿಸಬಾರದೇಕೆಂದರೆ ಮುಂದಿನ ಸಲ ಒಂದೆರಡು ನಿಮಿಷ ಹೆಚ್ಚಾದರೆ ಇಳಿಜಾರಿಗೆ ಬಿದ್ದಿರುತ್ತೀರಿ.

ಇಳುವರಿಯ ಲೆಕ್ಕ

ಒಂದು ಬೀಟಾ-ಕ್ಯಾರೋಟಿನ್‌ನಿಂದ ಹೆಚ್ಚೆಂದರೆ ಎರಡು ಅಯೋನೋನ್. ಅಣುತೂಕ 536.9 ಮತ್ತು 192.3, ಹಾಗಾಗಿ ಕಾಗದದ ಮೇಲಿನ ಗರಿಷ್ಠ ಇಳುವರಿ ತೂಕದ ಶೇ 71.6. ವಾಸ್ತವ ಇದರ ಹತ್ತಿರಕ್ಕೂ ಸುಳಿಯುವುದಿಲ್ಲ. ಆದರೂ ನಿರಾಶರಾಗಬೇಕಿಲ್ಲ. 10 ಮಿ.ಗ್ರಾಂ ಕ್ಯಾರೋಟಿನ್‌ನಿಂದ ಆ ಗರಿಷ್ಠದ ನೂರರಲ್ಲೊಂದು ಪಾಲು ಬಂದರೂ 72 ಮೈಕ್ರೋಗ್ರಾಂ ಆಯಿತು. ನೀರಿನಲ್ಲಿ ಬೀಟಾ-ಅಯೋನೋನ್ ಮೂಗಿಗೆ ತಿಳಿಯುವ ಕನಿಷ್ಠ ಮಟ್ಟ ಲೀಟರಿಗೆ 0.007 ಮೈಕ್ರೋಗ್ರಾಂ. ಭಾಗಿಸಿದರೆ 10,000 ಲೀಟರ್ ನೀರಿಗೆ ಸಾಲುವಷ್ಟು. ತೂಕದಲ್ಲಿ ಬಡತನ, ವಾಸನೆಯಲ್ಲಿ ಸಿರಿವಂತಿಕೆ. ಈ ಕೆಲಸಕ್ಕೆ ಅರ್ಥ ಬರುವುದೂ ಇದರಿಂದಲೇ. ಬರೀ ಶುದ್ಧ ಅಯೋನೋನ್ ಬೇಕಿದ್ದವರು ಪಾಚಿಯ ತಂಟೆಗೆ ಹೋಗುವ ಅಗತ್ಯವಿಲ್ಲ. 1893ರಲ್ಲಿ ಟೀಮಾನ್ ಮತ್ತು ಕ್ರೂಗರ್ ಎಂಬ ರಸಾಯನವಿಜ್ಞಾನಿಗಳು ಅದನ್ನು ಸಿಟ್ರಾಲ್‌ನಿಂದ ತಯಾರಿಸಿ ತೋರಿಸಿದ ಮೇಲೆ ಅದು ಕಾರ್ಖಾನೆಯ ಸರಕಾಗಿದೆ. ಪಾಚಿಯಿಂದ ಸಿಗುವುದು ಹತ್ತಾರು ತುಣುಕುಗಳು ಕೂಡಿದ ಮಿಶ್ರಣ, ಅದರ ಮೌಲ್ಯ ಇರುವುದು ಆ ಕೂಟದಲ್ಲಿ.

ಹಂತ 9: ಹಿಡಿದಿಡುವುದು

ಎಂಸಿಟಿ ಎಣ್ಣೆಯಲ್ಲಿ ಕಾಯಿಸಿದ್ದರೆ ಅರ್ಧ ಕೆಲಸ ಆದಂತೆ, ಎಣ್ಣೆಯೇ ಪರಿಮಳವನ್ನು ಹಿಡಿದಿರುತ್ತದೆ. ಬೇರ್ಪಡಿಸಬೇಕೆಂದಿದ್ದರೆ ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸಿ, ತಂಪುಬಲೆಯಲ್ಲಿ ಹಿಡಿಯಿರಿ. ಬೀಟಾ-ಅಯೋನೋನ್ 12 ಮಿ.ಮೀ. ಪಾದರಸದ ಒತ್ತಡದಲ್ಲಿ 126-128 ಡಿಗ್ರಿಗೆ ಕುದಿಯುತ್ತದೆ. ನಿರ್ವಾತ ಇನ್ನೂ ಆಳವಾದಷ್ಟೂ ಉಷ್ಣತೆ ಇಳಿಸಬಹುದು. ಹಬೆ ಬಟ್ಟಿ ಸರಳ, ಆದರೆ ಅಷ್ಟು ಹೊತ್ತು 100 ಡಿಗ್ರಿಯಲ್ಲಿ ಗಾಳಿಯೂ ಸೇರಿದರೆ ಹದ ಮುಂದೆ ಓಡುತ್ತದೆ. ಹಬೆಗೆ ಮುನ್ನ ಪಾತ್ರೆಯ ಗಾಳಿಯನ್ನು ಸಾರಜನಕದಿಂದ ಹೊರದಬ್ಬಿ.

ಹಂತ 2ರಲ್ಲಿ ದೂರ ಇಟ್ಟಿದ್ದ ಉತ್ಕರ್ಷಣ ನಿರೋಧಕಕ್ಕೆ ಈಗ ಜಾಗ ಉಂಟು. ಸಿದ್ಧವಾದ ಎಣ್ಣೆಗೆ ಟೋಕೋಫೆರಾಲ್ ಸ್ವಲ್ಪ ಬೆರೆಸಿ, ಕಂದು ಗಾಜಿನ ಚಿಕ್ಕ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ, ಉಳಿದ ಜಾಗಕ್ಕೆ ಸಾರಜನಕ ಊದಿ, ಮೈನಸ್ 20ರಲ್ಲಿ ಇಡಿ. ಪ್ಲಾಸ್ಟಿಕ್ ಬಾಟಲಿ ಬೇಡ; ಅಯೋನೋನ್ ಅದರ ಗೋಡೆಗೆ ಸೇರಿಕೊಳ್ಳುತ್ತದೆ. ಬಾಟಲಿಯ ಚೀಟಿಯಲ್ಲಿ ಪಾಚಿಯ ಹೆಸರು, ತಂಡದ (ಬ್ಯಾಚ್) ಸಂಖ್ಯೆ, ಹಾಸು, ಪದರದ ದಪ್ಪ, ಒಳಗಿನ ನಿಜ ಉಷ್ಣತೆ, ಹೊತ್ತು, ಮತ್ತು 177ಕ್ಕೂ 111ಕ್ಕೂ ಇರುವ ಶಿಖರ ಅನುಪಾತ ಬರೆಯಿರಿ. ತಿಂಗಳ ನಂತರ ಒಂದು ಬಾಟಲಿ ತೆರೆದು ಆ ಅನುಪಾತವನ್ನು ಮತ್ತೆ ನೋಡಿ. ಇಳಿದಿದ್ದರೆ ಬಾಟಲಿಯೊಳಗೆ ಗಾಳಿ ಉಳಿದಿತ್ತು. ಮುಂದಿನ ತಂಡಕ್ಕೆ ಸಾರಜನಕವನ್ನು ಇನ್ನೂ ಹೆಚ್ಚು ಹೊತ್ತು ಊದಿ ಮುಚ್ಚಿ.